ದಾಳ ಎಸೆದಾಯ್ತು, ಆದರೆ ಯಾವ ಕ್ರಮದಲ್ಲಿ?

ಲ್ಯಾಟಿನ್ ಮಾತುಗಳ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ‘ಆಲೆಯಾ ಯಾಕ್ಟಾ ಎಸ್ಟ್’ (ದಾಳ ಎಸೆದಾಯ್ತು) ಅನ್ನೋದೊಂದೇ ಸರಿ, ಪದ ಹಿಂದೆಮುಂದೆ ಆದರೆ ತಪ್ಪು ಅಂತ ಬರೆದಿದ್ದೀರಲ್ಲ, ಅದಕ್ಕೆ ನನ್ನ ತಕರಾರಿದೆ. ಕ್ರಿ.ಪೂ. 49ರಲ್ಲಿ ರೋಮನ್ ಸೇನಾಪತಿ ಸೀಸರ್ ಇಟಲಿಯ ರುಬಿಕಾನ್ ಹೊಳೆ ದಾಟುವಾಗ ಆಡಿದ ಮಾತು ಇದು. ಸೀಸರನ ಜೀವನಚರಿತ್ರೆ ಬರೆದ ರೋಮನ್ ಲೇಖಕ ಸ್ವೆಟೋನಿಯಸ್ ಬರೆದಿರುವುದು ‘ಯಾಕ್ಟಾ ಆಲೆಯಾ ಎಸ್ಟ್’ ಅಂತ. ಅಂದರೆ ನಾವೆಲ್ಲ ಬಾಯಿಪಾಠ ಮಾಡಿರುವುದೇ ತಿರುಗಿಸಿದ ರೂಪ! ಇನ್ನೂ ತಮಾಷೆ ಅಂದರೆ, ಸೀಸರ್ ಇದನ್ನು ಗ್ರೀಕ್‌ನಲ್ಲಿ ಹೇಳಿದ ಅಂತಾನೆ ಗ್ರೀಕ್ ಲೇಖಕ ಪ್ಲುಟಾರ್ಕ್. ಅದೂ ‘ದಾಳ ಬೀಳಲಿ’ ಅನ್ನೋ ಅರ್ಥದಲ್ಲಿ.

ಲ್ಯಾಟಿನ್‌ನ ಆ ಎರಡು ಕ್ರಮಗಳಲ್ಲಿ ಯಾವುದೂ ವ್ಯಾಕರಣ ತಪ್ಪಲ್ಲ. ಕನ್ನಡದವರಿಗೆ ಇದು ಸುಲಭವಾಗಿ ಅರ್ಥವಾಗಬೇಕು. ‘ಮುಂಗುಸಿ ಹಾವನ್ನು ಕೊಂದಿತು’ ಅನ್ನಿ, ‘ಹಾವನ್ನು ಮುಂಗುಸಿ ಕೊಂದಿತು’ ಅನ್ನಿ, ಸತ್ತಿದ್ದು ಹಾವೇ ಅಲ್ವಾ? ‘ಅನ್ನು’ ಪ್ರತ್ಯಯ ಎಲ್ಲ ನೋಡಿಕೊಳ್ಳುತ್ತೆ. ಲ್ಯಾಟಿನ್‌ನಲ್ಲೂ ಪದದ ಕೊನೆಯೇ ಆ ಕೆಲಸ ಮಾಡುತ್ತೆ. ಕ್ರಮ ಬದಲಾದರೆ ಒತ್ತು ಬೀಳುವ ಜಾಗ ಬದಲಾಗುತ್ತೆ, ಅಷ್ಟೆ. ‘ಯಾಕ್ಟಾ’ ಮೊದಲು ಬಂದರೆ ‘ಎಸೆದಾಯ್ತು’ ಅನ್ನೋದು ಜೋರಾಗಿ ಕೇಳುತ್ತೆ.

‘ಆರ್ಸ್ ಲೋಂಗಾ, ವೀಟಾ ಬ್ರೆವಿಸ್’ (ಕಲೆ ದೊಡ್ಡದು, ಬದುಕು ಚಿಕ್ಕದು) ಅನ್ನೋ ಲ್ಯಾಟಿನ್ ಮಾತಿನ ಕಥೆಯೂ ಹೀಗೇ. ಕಾಲೇಜಿನ ನಾಟಕ ತಂಡದ ಟೀ ಶರ್ಟ್ ಮೇಲೆ ಇದನ್ನೇ ಅಚ್ಚು ಹಾಕಿಸಿ ಮೆರೆದಿದ್ದೆವು. ಆಮೇಲೆ ನೋಡಿದರೆ ಪ್ರಾಚೀನ ಗ್ರೀಕ್ ವೈದ್ಯ ಹಿಪೊಕ್ರೆಟಿಸ್ ಹೆಸರಿನಲ್ಲಿರುವ ಗ್ರೀಕ್ ಮೂಲದಲ್ಲಿ ‘ಬದುಕು ಚಿಕ್ಕದು’ ಅನ್ನೋದೇ ಮೊದಲು, ‘ಕಲೆ ದೊಡ್ಡದು’ ಆಮೇಲೆ. ಆ ಕಲೆಯೂ ನಾಟಕದ್ದಲ್ಲ, ವೈದ್ಯರ ಕಸುಬು! ಟೀ ಶರ್ಟ್ ಈಗ ಸ್ಕೂಟರ್ ಒರೆಸೋ ಬಟ್ಟೆ.