ಇಪ್ಪತ್ತೆಂಟು ದಿನಗಳ ತಿಂಗಳು

ಜರ್ಮನಿಯಲ್ಲಿ ನನಗೆ ಚಳಿಗಾಲದ ಸಂಜೆ ಐದೂವರೆ. ಭಾರತದಲ್ಲಿ ಅಮ್ಮನಿಗೆ ರಾತ್ರಿ ಹತ್ತು. ವಿಡಿಯೊ ಕರೆಯಲ್ಲಿ ಮಾತಾಡುತ್ತಿದ್ದ ಹಾಗೆಯೇ ಅವಳ ಮುಖ ಅರೆತೆರೆದ ಬಾಯಲ್ಲಿ ನಿಂತುಬಿಟ್ಟಿತು. ಐದು ನಿಮಿಷ ಬಿಟ್ಟು ಒಂದು ಸಾಲಿನ ಸಂದೇಶ ತೆವಳಿಕೊಂಡು ಬಂತು: ‘ಇವತ್ತಿನ ಡೇಟಾ ಖಾಲಿ ಕಣೋ. ಹನ್ನೆರಡು ಹೊಡೆದ ಮೇಲೆ ಬರುತ್ತದೆ.’ ಹಿಂದಿನ ದಿನ ಅವಳು ಫೋನು ಮುಟ್ಟಿಯೇ ಇರಲಿಲ್ಲ. ಆ ದಿನದ ಒಂದೂವರೆ ಜಿಬಿ ಏನಾಯಿತು ಎಂದು ಕೇಳುವಂತಿಲ್ಲ. ನಡುರಾತ್ರಿಗೆ ಅದರ ಆಯುಷ್ಯ ತೀರಿತ್ತು.

ಇಲ್ಲಿ ನಾಲ್ಕು ಜನ ಭಾರತೀಯರು ಸೇರಿದರೆ ‘ನಮ್ಮಲ್ಲಿ ಡೇಟಾ ಎಷ್ಟು ಅಗ್ಗ’ ಎಂಬ ಮಾತು ಬಂದೇ ಬರುತ್ತದೆ. ನಿಜವೇ. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬರುವವರೆಗೆ ಒಂದು ಜಿಬಿಗೆ ಸುಮಾರು 250 ರೂಪಾಯಿ ತೆತ್ತು, ಅದನ್ನೇ ತಿಂಗಳಿಡೀ ಎಳೆದಾಡಿದವರು ನಾವು. 2024ರ ಜುಲೈನಲ್ಲಿ ದರ ಏರಿದ ಮೇಲೂ ಅಲ್ಲಿನದು ಜರ್ಮನಿಯ ದರದ ಹತ್ತಿರಕ್ಕೂ ಬಂದಿಲ್ಲ. ಆದರೆ ಜಿಬಿಗೆ ಎಷ್ಟು ಎಂಬ ಒಂದೇ ಕೋಲಿನಿಂದ ದೇಶಗಳನ್ನು ಅಳೆಯುವುದನ್ನು ನಾನು ಒಪ್ಪುವುದಿಲ್ಲ. ಕೊಂಡದ್ದನ್ನು ಯಾವಾಗ ಬಳಸಬಹುದು, ಮುಗಿದಾಗ ಏನು ಗತಿ ಎಂಬುದೂ ಬೆಲೆಯ ಲೆಕ್ಕಕ್ಕೇ ಸೇರಬೇಕು.

ನನ್ನ ಪ್ಲ್ಯಾನ್ ದುಬಾರಿ; ಎರಡು ವರ್ಷಗಳ ಒಪ್ಪಂದ ಬೇರೆ. ರೈಲು ಪಟ್ಟಣ ದಾಟಿದರೆ ಸಿಗ್ನಲ್ ಕಣ್ಣಾಮುಚ್ಚಾಲೆ ಆಡುತ್ತದೆ. ಆದರೂ ತಿಂಗಳ ಪಾಲು ಒಟ್ಟಿಗೇ ಕೈಗೆ ಬರುತ್ತದೆ. ಪ್ರಯಾಣದ ದಿನ ಐದು ಜಿಬಿ ಸುರಿದು, ಮರುವಾರ ಕೈ ಬಿಗಿಹಿಡಿಯುವುದು ನನ್ನ ಇಷ್ಟ.

ನನ್ನ ಒಪ್ಪಂದದಲ್ಲಿ ತಿಂಗಳೆಂದರೆ ನಿಜವಾಗಿಯೂ ತಿಂಗಳು. ಭಾರತದಲ್ಲಿ ಸಾಮಾನ್ಯವಾಗಿ 28 ದಿನ, ಅಂದರೆ ವರ್ಷಕ್ಕೆ ಹನ್ನೆರಡರ ಬದಲು ಹದಿಮೂರು ರೀಚಾರ್ಜ್. ಇದು ನಮ್ಮವರೊಬ್ಬರ ಜಾಣತನವೇನಲ್ಲ. ಇಟಲಿಯ ಕಂಪನಿಗಳೂ ಇದೇ ಆಟ ಹೂಡಿದ್ದವು; ಬಿಲ್ ತಿಂಗಳ ಲೆಕ್ಕದಲ್ಲೇ ಇರಬೇಕೆಂದು ಅಲ್ಲಿನ ಸಂಸತ್ತು 2017ರ ಕೊನೆಗೆ ಕಾನೂನು ಮಾಡಿತು. ನಮ್ಮ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2022ರಲ್ಲಿ 30 ದಿನಗಳದ್ದು ಒಂದು, ಪ್ರತಿ ತಿಂಗಳೂ ಅದೇ ತಾರೀಖಿಗೆ ನವೀಕರಿಸುವಂಥದ್ದು ಒಂದು ಪ್ಲ್ಯಾನ್ ಆದರೂ ಇರಲಿ ಎಂದಿತು. 28 ದಿನಗಳದ್ದನ್ನು ಮುಟ್ಟಲಿಲ್ಲ.

ದರ ಏಕೆ ಹೆಚ್ಚು ಎಂದರೆ ಜರ್ಮನಿಯಲ್ಲಿ ಹಲವರು 2000ದಲ್ಲಿ ನಡೆದ, ಮೊಬೈಲ್ ಸಂಕೇತ ಸಾಗುವ ತರಂಗಾಂತರಗಳ ಹರಾಜಿನತ್ತ ಬೆರಳು ತೋರಿಸುತ್ತಾರೆ. ಆಗ ಕಂಪನಿಗಳು ಸುಮಾರು 50 ಶತಕೋಟಿ ಯೂರೊ ಸುರಿದಿದ್ದವು. ನನಗೆ ಅದು ಹಳೆಯ ನೆಪವಾಗಿ ಕಾಣುತ್ತದೆ. ಫ್ರಾನ್ಸ್‌ನಲ್ಲಿ 2012ರಲ್ಲಿ ಫ್ರೀ ಮೊಬೈಲ್, ಇಟಲಿಯಲ್ಲಿ 2018ರಲ್ಲಿ ಇಲಿಯಾಡ್ ಎಂಬ ಹೊಸ ಕಂಪನಿಗಳು ಬಂದ ಮೇಲೆ ಉಳಿದವರೂ ದರ ಇಳಿಸಿದರು. ಇಲಿಯಾಡ್ ಮೊದಲು ಕೊಟ್ಟದ್ದು 5.99 ಯೂರೊಗೆ 30 ಜಿಬಿ. ಕಳೆದುಕೊಳ್ಳಲು ಹಳೆಯ ಗಿರಾಕಿಗಳಿಲ್ಲದ ಒಬ್ಬ ಹೊಸಬ ಸಾಕು.

ದಕ್ಷಿಣ ಆಫ್ರಿಕಾದ ವಿಷಯ ಓದಿದಾಗ ಮಾತ್ರ ಸಿಟ್ಟು ಬಂದಿತ್ತು. ಸಣ್ಣ ಸಣ್ಣ ಪ್ಯಾಕ್ ಕೊಳ್ಳುವ ಬಡವರೇ ಎಂಬಿಗೆ ಹೆಚ್ಚು ತೆರುತ್ತಿದ್ದಾರೆ ಎಂದು ಅಲ್ಲಿನ ಸ್ಪರ್ಧಾ ಆಯೋಗ 2019ರಲ್ಲಿ ಹೇಳಿತು. ಮರುವರ್ಷ ಅಲ್ಲಿನ ಮೊಬೈಲ್ ಕಂಪನಿ ವೊಡಾಕಾಮ್ ಒಂದು ಜಿಬಿಯ ದರವನ್ನು 149 ರ‍್ಯಾಂಡ್‌ನಿಂದ 99ಕ್ಕೆ ಇಳಿಸಿತು. ಇಷ್ಟು ಇಳಿಸಲು ಸಾಧ್ಯವಿತ್ತೆಂದರೆ ಅಷ್ಟು ವರ್ಷ ವಸೂಲಿ ಮಾಡಿದ್ದು ಏನು?

ಅಮೆರಿಕದ ‘ಅನ್‌ಲಿಮಿಟೆಡ್’ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಆ ಹೆಸರಲ್ಲಿ ಮಾರಿ ವೇಗ ತಗ್ಗಿಸಿದ ಪ್ರಕರಣದಲ್ಲಿ ಅಲ್ಲಿನ ಎಟಿ ಅಂಡ್ ಟಿ ಕಂಪನಿ 2019ರಲ್ಲಿ 6 ಕೋಟಿ ಡಾಲರ್ ಕೊಡಲು ಒಪ್ಪಿತು. ನನಗೆ ಮೆಚ್ಚುಗೆಯಾದದ್ದು ಫಿನ್ಲೆಂಡ್. ಅಲ್ಲಿ ಬಹುಮಟ್ಟಿಗೆ ಮಾರುವುದು ವೇಗವನ್ನು, ಪ್ರಮಾಣವನ್ನಲ್ಲ. ನಿಧಾನ ಸಾಕೆನ್ನುವವರು ಕಡಿಮೆ ಕೊಡುತ್ತಾರೆ, ಆದರೆ ನಡುವೆ ಯಾರ ಮುಖವೂ ನಿಂತುಹೋಗುವುದಿಲ್ಲ.

ಅಮ್ಮನಿಗಾಗಿ ದಿನದ ಮಿತಿಯಿಲ್ಲದ ಪ್ಲ್ಯಾನ್ ಹುಡುಕಿದೆ. ಸಿಕ್ಕಿತು, ಆದರೆ ಅದರಲ್ಲಿದ್ದ ಒಟ್ಟು ಡೇಟಾ ಅವಳ ಒಂದು ವಾರಕ್ಕೂ ಸಾಲದು. ‘ಅದೆಲ್ಲ ಬೇಡ, ನೀನೇ ಬೇಗ ಕರೆ ಮಾಡು’ ಎಂದಳು. ಈಗ ಕಚೇರಿಯ ಊಟದ ಬಿಡುವಿನಲ್ಲಿ ಕರೆ ಮಾಡುತ್ತೇನೆ.