ಬೇಡ ಅನ್ನೋ ಬಟನ್ ಎಲ್ಲಿಟ್ಟಿದ್ದೀರಿ?

ಮನುಷ್ಯನ ಅಭಿಪ್ರಾಯಕ್ಕೆ ಇಷ್ಟೊಂದು ಗಿರಾಕಿಗಳು ಹಿಂದೆಂದೂ ಇರಲಿಲ್ಲ. ಮನೆಯಲ್ಲಿ ನಿಮ್ಮ ಮಾತು ನಡೆಯದಿರಬಹುದು, ಕಚೇರಿಯಲ್ಲಿ ನೀವು ಬಾಯಿ ತೆರೆಯುವ ಹೊತ್ತಿಗೆ ಮೀಟಿಂಗೇ ಮುಗಿದುಹೋಗಬಹುದು. ಕಂಪ್ಯೂಟರ್ ಆನ್ ಮಾಡಿ ನೋಡಿ, ಸಾಫ್ಟ್‌ವೇರ್‌ಗಳೆಲ್ಲ ಕೈಕಟ್ಟಿ ಸಾಲಾಗಿ ನಿಂತಿರುತ್ತವೆ. ನಮ್ಮ ಹೊಸ ವಿನ್ಯಾಸ ಹೇಗನ್ನಿಸಿತು? ಈಗ ಮುಗಿಸಿದ ಕರೆಯ ಗುಣಮಟ್ಟ ಹೇಗಿತ್ತು? ನಮ್ಮನ್ನು ಗೆಳೆಯರಿಗೆ ಶಿಫಾರಸು ಮಾಡುವ ಸಾಧ್ಯತೆ ಸೊನ್ನೆಯಿಂದ ಹತ್ತರೊಳಗೆ ಎಷ್ಟು? ಈ ಕೊನೆಯ ಪ್ರಶ್ನೆಯನ್ನು ನನಗೆ ಕೇಳಿದ್ದು ಜಿಪ್ ಫೈಲ್ ಬಿಚ್ಚುವ ಒಂದು ಸಾಫ್ಟ್‌ವೇರ್. ಅದನ್ನು ಯಾವ ಗೆಳೆಯನಿಗೆ, ಯಾವ ಶುಭ ಸಂದರ್ಭದಲ್ಲಿ ಶಿಫಾರಸು ಮಾಡುವುದೋ ಇನ್ನೂ ಹೊಳೆದಿಲ್ಲ.

ಈ ಸೊನ್ನೆ-ಹತ್ತರ ಆಟಕ್ಕೂ ಒಂದು ಶಾಸ್ತ್ರವಿದೆ. 2003ರಲ್ಲಿ ಫ್ರೆಡ್ ರೈಕ್‌ಹೆಲ್ಡ್ ಎಂಬ ವ್ಯಾಪಾರ ಸಲಹೆಗಾರರು ಹಾಕಿಕೊಟ್ಟದ್ದು. ಒಂಬತ್ತು, ಹತ್ತು ಕೊಟ್ಟವರು ಭಕ್ತರು. ಏಳು, ಎಂಟು ಕೊಟ್ಟವರು ಲೆಕ್ಕಕ್ಕಿಲ್ಲ. ಆರು ಕೊಟ್ಟವನನ್ನೂ ಸೊನ್ನೆ ಕೊಟ್ಟವನನ್ನೂ ನಿಂದಕರ ಒಂದೇ ಬೆಂಚಿನ ಮೇಲೆ ಕೂರಿಸುತ್ತಾರೆ. "ಪರವಾಗಿಲ್ಲ, ನಡೆಯುತ್ತೆ" ಎಂದು ಒಳ್ಳೆಯ ಮನಸ್ಸಿನಿಂದ ಆರು ಕೊಡುವ ಸಾಧು ಜೀವಿಗಳಿಗೆ ತಾವು ಶತ್ರುಪಾಳಯದಲ್ಲಿ ಇರುವುದೇ ಗೊತ್ತಿರುವುದಿಲ್ಲ.

ಇರಲಿ, ಕೇಳುತ್ತಾರಲ್ಲ, ಅದೇ ದೊಡ್ಡದು. ಉತ್ತರ ಕೊಡಲು ಹೋದಾಗಲೇ ಅಸಲಿ ಸಂಗತಿ ಕಾಣುವುದು. "ಹೊಸ ಆವೃತ್ತಿ ಬಂದಿದೆ, ಈಗಲೇ ಹಾಕಿಕೊಳ್ಳುತ್ತೀರಾ?" ಎಂಬ ಪ್ರಶ್ನೆಯ ಕೆಳಗೆ ಎರಡೇ ಉತ್ತರ: "ಹೌದು" ಮತ್ತು "ಆಮೇಲೆ ನೆನಪಿಸಿ". ನೋಟಿಫಿಕೇಶನ್ ಬೇಕೇ? "ಹೌದು", "ಈಗಲ್ಲ". ನಿಮ್ಮ ಫೋನಿನಲ್ಲಿರುವ ಹೆಸರು, ನಂಬರುಗಳನ್ನೆಲ್ಲ ನಮಗೆ ಕೊಡುತ್ತೀರಾ? "ಕೊಡುತ್ತೇನೆ", "ಸದ್ಯಕ್ಕೆ ಬಿಟ್ಟುಬಿಡಿ". ಮೌನಂ ಸಮ್ಮತಿ ಲಕ್ಷಣಂ ಎಂದು ಹಿಂದಿನವರು ಅಷ್ಟಕ್ಕೇ ನಿಲ್ಲಿಸಿದ್ದರು. ಸಾಫ್ಟ್‌ವೇರ್‌ನವರು ಅದರ ಮುಂದಿನ ಆವೃತ್ತಿ ತಂದಿದ್ದಾರೆ, ಅದರಲ್ಲಿ ನಿರಾಕರಣೆಯೂ ಸಮ್ಮತಿಯೇ. ತುಸು ತಡವಾಗಿ ಬರುವ ಸಮ್ಮತಿ, ಅಷ್ಟೆ.

ಈ ಬಟನ್‌ಗಳನ್ನು ತೀರ್ಮಾನಿಸುವ ಮೀಟಿಂಗ್ ಹೇಗಿರಬಹುದು ಎಂದು ನಾನು ಊಹಿಸಿಕೊಂಡಿದ್ದೇನೆ. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗನೊಬ್ಬ ಕೈ ಎತ್ತುತ್ತಾನೆ.

"ಸಾರ್, ಬೇಡ ಅನ್ನೋರಿಗೂ ಒಂದು ಬಟನ್ ಇಡೋಣವಾ?"

"ಬೇಡ ಅನ್ನೋರು ಇದಾರೆ ಅಂತ ಯಾರಪ್ಪಾ ಹೇಳಿದ್ದು?"

"ಇರ್ತಾರಲ್ಲ ಸಾರ್."

"ಅಂಕಿಅಂಶ ತೋರಿಸು. ಹೋದ ತಿಂಗಳು ಎಷ್ಟು ಜನ ಬೇಡ ಅಂತ ಒತ್ತಿದಾರೆ?"

"ಯಾರೂ ಒತ್ತಿಲ್ಲ ಸಾರ್. ಬಟನ್ನೇ ಇರಲಿಲ್ಲವಲ್ಲ."

"ನೋಡಿದೆಯಾ? ನೂರಕ್ಕೆ ನೂರು ಜನ ಒಪ್ಪಿದಾರೆ!"

ಹುಡುಗ ಮುಂದಿನ ವರ್ಷ ಮ್ಯಾನೇಜರ್ ಆಗುತ್ತಾನೆ.

ಉತ್ಪ್ರೇಕ್ಷೆ ಅನ್ನಿಸಿದರೆ ಮೈಕ್ರೋಸಾಫ್ಟ್‌ನ ವಿಂಡೋಸ್ 10ರ ಪುರಾಣ ಕೇಳಿ. 2015ರ ಜುಲೈನಲ್ಲಿ ಅದು ಹುಟ್ಟಿದಾಗ ವಿಂಡೋಸ್ 7 ಮತ್ತು 8.1 ಇಟ್ಟುಕೊಂಡವರಿಗೆ ಒಂದು ವರ್ಷದ ಮಟ್ಟಿಗೆ ಉಚಿತ ಎಂದರು. ಉಚಿತವಾಗಿ ಕೊಡುವವರಿಗೆ ಬೇಡ ಅಂದರೆ ಎಷ್ಟು ಸಂಕಟವಾಗುತ್ತದೆ ಎಂಬುದನ್ನು ಜಗತ್ತು ಆಗ ಕಣ್ಣಾರೆ ಕಂಡಿತು. ಪರದೆಯ ಮೂಲೆಯಿಂದ ದಿನವೂ ಒಂದು ಕಿಟಕಿ ಎದ್ದು ಬರುತ್ತಿತ್ತು. ಜನ ಅದರ ತುದಿಯ ಕೆಂಪು "X" ಗುರುತು ಒತ್ತಿ ಮುಚ್ಚುತ್ತಿದ್ದರು. 2016ರ ಮೇ ಹೊತ್ತಿಗೆ ಆ ಗುರುತಿನ ಅರ್ಥವೇ ಬದಲಾಗಿತ್ತು. ಕಿಟಕಿ ಮುಚ್ಚಿದರೂ ಮೊದಲೇ ಗೊತ್ತುಮಾಡಿದ್ದ ಅಪ್‌ಗ್ರೇಡ್ ಮುಹೂರ್ತ ರದ್ದಾಗುತ್ತಿರಲಿಲ್ಲ. ಕಿಟಕಿ ಮುಚ್ಚಿ ನೆಮ್ಮದಿಯಾಗಿ ಮಲಗಿದವರು ಬೆಳಿಗ್ಗೆ ಎದ್ದು ನೋಡಿದರೆ ಕಂಪ್ಯೂಟರ್ ವೇಷ ಬದಲಿಸಿಕೊಂಡು ಕೂತಿರುತ್ತಿತ್ತು.

ಒಪ್ಪಿಗೆಯಿಲ್ಲದೆ ನಡೆದ ಈ ಅಪ್‌ಗ್ರೇಡ್‌ನಿಂದ ಕೆಲಸ ಕೆಟ್ಟಿತು ಎಂದು ಕ್ಯಾಲಿಫೋರ್ನಿಯಾದ ಮಹಿಳೆಯೊಬ್ಬರು ಸಣ್ಣ ವ್ಯಾಜ್ಯಗಳ ನ್ಯಾಯಾಲಯಕ್ಕೆ ಹೋಗಿ 10,000 ಡಾಲರ್ ಪರಿಹಾರ ಪಡೆದರು. ಮೈಕ್ರೋಸಾಫ್ಟ್ ಮೇಲ್ಮನವಿಯನ್ನೂ ಕೈಬಿಟ್ಟಿತು. ಆ ಜೂನ್ ತಿಂಗಳ ಕೊನೆಗೆ ಕಂಪನಿಗೆ ಜ್ಞಾನೋದಯವಾಗಿ, ಉಚಿತ ಕೊಡುಗೆಯನ್ನು ನಿರಾಕರಿಸುವ ಬಟನ್ ಕೊಡುವುದಾಗಿ ಘೋಷಿಸಿತು. ಕೊಡುಗೆಯ ಅವಧಿ ಮುಗಿಯುತ್ತಿದ್ದುದು ಜುಲೈ 29ಕ್ಕೆ. ಹನ್ನೊಂದು ತಿಂಗಳು ಹೌದು ಅನ್ನಿಸಿ, ಒಂದು ತಿಂಗಳು ಬೇಡ ಅನ್ನುವ ಅವಕಾಶ ಕೊಟ್ಟರು. ದಾನಶೂರತ್ವಕ್ಕೂ ಒಂದು ಮಿತಿ ಬೇಡವೇ?

ಆ್ಯಪಲ್‌ನವರು ಇವರಿಗಿಂತ ನಾಜೂಕು, ಕೇಳುವ ಗೋಜಿಗೇ ಹೋಗಲಿಲ್ಲ. 2014ರ ಸೆಪ್ಟೆಂಬರಿನಲ್ಲಿ ಸುಮಾರು 50 ಕೋಟಿ ಐಟ್ಯೂನ್ಸ್ ಗ್ರಾಹಕರ ಸಂಗ್ರಹಕ್ಕೆ ಒಂದು ರಾಕ್ ತಂಡದ ಹೊಸ ಆಲ್ಬಮ್ ತಾನಾಗಿ ಬಂದು ಸೇರಿತು. ಬೀಗ ಹಾಕಿದ ಮನೆಯೊಳಗೆ ನುಗ್ಗಿ ಉಡುಗೊರೆ ಇಟ್ಟು ಹೋದ ಹಾಗೆ. ಜನ ರೇಗಿದರು. ವಾರ ಕಳೆಯುವುದರೊಳಗೆ ಆ ಆಲ್ಬಮನ್ನು ತೆಗೆದುಹಾಕಲೆಂದೇ ಪ್ರತ್ಯೇಕ ಪುಟ ತೆರೆಯಬೇಕಾಯಿತು. ಅಳಿಸುವ ಬಟನ್‌ಗೆ ಅಷ್ಟು ಅದ್ದೂರಿ ಲೋಕಾರ್ಪಣೆ ಅದಕ್ಕೂ ಮೊದಲು ಸಿಕ್ಕಿರಲಿಕ್ಕಿಲ್ಲ.

ನಮ್ಮ ಜಾಡು ಹಿಡಿಯಲು ಜಾಲತಾಣಗಳು ಬ್ರೌಸರಿನಲ್ಲಿ ಇಟ್ಟುಹೋಗುವ ಕುಕೀಗಳ ವಿಷಯಕ್ಕೆ ಬಂದರೆ ಬೇಡ ಅನ್ನುವುದು ಸಾಧ್ಯ, ಸುಲಭವಲ್ಲ. "ಎಲ್ಲವನ್ನೂ ಒಪ್ಪುತ್ತೇನೆ" ಎಂಬ ಬಟನ್ ಬಣ್ಣ ಬಳಿದುಕೊಂಡು ಅಂಗೈಯಗಲ ಇರುತ್ತದೆ. ಒಪ್ಪದವರಿಗೆ ಮಾಸಲು ಅಕ್ಷರದಲ್ಲಿ "ಆಯ್ಕೆಗಳನ್ನು ನಿರ್ವಹಿಸಿ" ಎಂಬ ಸಾಲು. ಒತ್ತಿದರೆ ಕಂಪನಿಯ "ಪಾಲುದಾರರ" ಪಟ್ಟಿ ತೆರೆದುಕೊಳ್ಳುತ್ತದೆ, ಮುಗಿಯುವುದೇ ಇಲ್ಲ. ಹವಾಮಾನ ನೋಡಲು ಬಂದವನ ಮೇಲೆ ಇಷ್ಟು ಜನಕ್ಕೆ ಆಸಕ್ತಿಯಿದೆಯೆಂದರೆ ಒಂದು ಕ್ಷಣ ಹೆಮ್ಮೆಯೇ ಆಗುತ್ತದೆ. ಒಪ್ಪಲು ಒಂದೇ ಕ್ಲಿಕ್, ನಿರಾಕರಿಸಲು ಹಲವು ಕ್ಲಿಕ್ ಎಂಬ ಈ ಲೆಕ್ಕಾಚಾರಕ್ಕೆ 2022ರ ಜನವರಿಯಲ್ಲಿ ಫ್ರಾನ್ಸಿನ ಖಾಸಗಿ ಮಾಹಿತಿ ರಕ್ಷಣಾ ಪ್ರಾಧಿಕಾರ ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಘೋಷಿಸಿತು. ಒಂದು ಬಟನ್ ಇಡದೇ ಉಳಿಸಿದ ಖರ್ಚು ಅಷ್ಟಾಗಿತ್ತೋ ಏನೋ.

ಇನ್ನು ಕೆಲವರು ಬಟನ್ ಇಡುತ್ತಾರೆ, ಅದರ ಮೇಲೆ ನಿಮ್ಮ ತಪ್ಪೊಪ್ಪಿಗೆಯನ್ನು ಅವರೇ ಬರೆದಿರುತ್ತಾರೆ. "ಬೇಡ, ನನಗೆ ಹಣ ಉಳಿಸುವುದು ಇಷ್ಟವಿಲ್ಲ." "ಬೇಡ, ನಾನು ಅಜ್ಞಾನದಲ್ಲೇ ಸುಖವಾಗಿದ್ದೇನೆ." ಅಮೆಜಾನ್ ಪ್ರೈಮ್‌ಗೆ ಸೇರಲೊಲ್ಲದವರು ಉಚಿತ ಸಾಗಣೆ ತಮಗೆ ಬೇಡವೆಂದು ಘೋಷಿಸಿ ಮುಂದೆ ಹೋಗಬೇಕಿತ್ತು. ಸೇರಿದ ಮೇಲೆ ಹೊರಬರಲು ನಾಲ್ಕು ಪುಟ, ಆರು ಕ್ಲಿಕ್, ಹದಿನೈದು ಆಯ್ಕೆಗಳ ಚಕ್ರವ್ಯೂಹ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ದೂರಿತು. 2025ರ ಸೆಪ್ಟೆಂಬರಿನಲ್ಲಿ 250 ಕೋಟಿ ಡಾಲರ್‌ಗೆ ರಾಜಿಯಾಯಿತು. ಕಂಪನಿ ತಪ್ಪು ಒಪ್ಪಿಕೊಳ್ಳಲಿಲ್ಲ. ರಾಜಿಯ ಷರತ್ತುಗಳಲ್ಲಿ ಒಂದು, ನಿರಾಕರಿಸಲು ಎದ್ದು ಕಾಣುವ ನೇರವಾದ ಬಟನ್ ಇಡತಕ್ಕದ್ದು ಎಂಬುದು. ಆ ಆರು ಕ್ಲಿಕ್ಕಿನ ದಾರಿಯಲ್ಲಿ ಒಳಗೇ ಕಳೆದುಹೋದವರು ಯಾರಾದರೂ ಇದ್ದರೆ ಈಗ ಹೊರಬರಬಹುದು.

ಇಷ್ಟೆಲ್ಲ ಹೇಳುವಾಗ ಕಂಪನಿಗಳ ಪರವಾಗಿ ಒಂದು ಮಾತು. ನಾವು ಯಾವುದನ್ನೂ ಓದುವುದಿಲ್ಲ. 2010ರ ಏಪ್ರಿಲ್ ಒಂದರಂದು ಗೇಮ್‌ಸ್ಟೇಷನ್ ಎಂಬ ಬ್ರಿಟನ್ನಿನ ಆಟದಂಗಡಿ ತನ್ನ ಜಾಲತಾಣದ ಷರತ್ತುಗಳಲ್ಲಿ ಒಂದು ಸಾಲು ಸೇರಿಸಿತು: ಗ್ರಾಹಕರು ತಮ್ಮ ಅಮರ ಆತ್ಮವನ್ನು ಕಂಪನಿಗೆ ವಹಿಸಿಕೊಡುತ್ತಾರೆ. ಸುಮಾರು 7,500 ಜನ ಆತ್ಮ ಕೊಟ್ಟು ಆಟ ಕೊಂಡುಹೋದರು. ಗಮನಿಸಬೇಕಾದ್ದೇನೆಂದರೆ, ಆತ್ಮ ಕೊಡಲೊಲ್ಲದವರಿಗೆ ಅಲ್ಲಿ ಒಂದು ಗುರುತು ಹಾಕುವ ಅವಕಾಶ ಇತ್ತು. ಆತ್ಮ ಕೇಳಿದವರೇ ಬೇಡ ಅನ್ನಲು ಜಾಗ ಬಿಟ್ಟಿದ್ದರು! ಫೋನ್ ನಂಬರ್ ಕೇಳುವವರಿಂದ ಅಷ್ಟು ಸೌಜನ್ಯ ಸಿಕ್ಕರೆ ಸಾಕಾಗಿತ್ತು.

ಹಾಗಾದರೆ ಬೇಡ ಅನ್ನುವ ಬಟನ್ ಕಂಡುಹಿಡಿಯಲು ಇವರಿಗೆ ಬರುವುದೇ ಇಲ್ಲವೇ ಅಂದರೆ, ಚೆನ್ನಾಗಿ ಬರುತ್ತದೆ. ಅದನ್ನು ಮೇಜಿನ ಆ ಬದಿಗೆ, ತಮ್ಮ ಕೈಗೆಟುಕುವಂತೆ ಇಟ್ಟುಕೊಂಡಿದ್ದಾರೆ. ಬೇರೆ ಬೇರೆ ಜಾಲತಾಣಗಳ ಹೊಸ ಬರಹಗಳನ್ನು ಒಂದೆಡೆ ತಂದುಕೊಡುತ್ತಿದ್ದ ಗೂಗಲ್ ರೀಡರ್ ಬೇಕು ಬೇಕು ಎಂದು 2013ರಲ್ಲಿ ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಆ ಅಭಿಪ್ರಾಯವನ್ನು ಯಾರೂ ಹತ್ತಕ್ಕೆ ಎಷ್ಟು ಎಂದು ಕೇಳಲಿಲ್ಲ, ಜುಲೈ ಒಂದಕ್ಕೆ ಅಂಗಡಿ ಮುಚ್ಚಿದರು. 2009ರಲ್ಲಿ ಇ-ಮೇಲನ್ನೇ ಮರೆಸುತ್ತೇನೆಂದು ಬಂದ ಗೂಗಲ್ ವೇವ್‌ನ ಕೆಲಸ ಮುಂದಿನ ವರ್ಷದ ಆಗಸ್ಟಿಗೇ ನಿಂತಿತು. ಇ-ಮೇಲ್ ಅದರ ಸಂತಾಪ ಸೂಚನೆಯನ್ನು ಇನ್ನೂ ಹೊತ್ತು ತಿರುಗುತ್ತಿದೆ. ಸಾಮಾಜಿಕ ಜಾಲತಾಣ ಗೂಗಲ್ ಪ್ಲಸ್ ಮತ್ತು ಇ-ಮೇಲ್ ಆ್ಯಪ್ ಇನ್‌ಬಾಕ್ಸ್ ಎರಡಕ್ಕೂ 2019ರ ಏಪ್ರಿಲ್‌ನಲ್ಲಿ ಒಟ್ಟಿಗೇ ತಿಥಿ ಕೂಡಿಬಂತು. ಎದೆಗೆ ಸಿಕ್ಕಿಸಿಕೊಂಡು ಮಾತಾಡಿಸುವ ಹ್ಯೂಮೇನ್ ಎಐ ಪಿನ್ ಇನ್ನೂ ತಾಜಾ ಉದಾಹರಣೆ. 699 ಡಾಲರ್ ಬೆಲೆಯ ಈ ವಸ್ತು ಫೋನುಗಳ ಯುಗವನ್ನು ಮುಗಿಸಲು 2024ರ ಏಪ್ರಿಲ್‌ನಲ್ಲಿ ಬಂತು. 2025ರ ಫೆಬ್ರವರಿ 18ರಂದು ಕಂಪನಿ ತನ್ನ ಬಹುಪಾಲು ಆಸ್ತಿಯನ್ನು ಎಚ್‌ಪಿಗೆ ಮಾರುತ್ತಿರುವುದಾಗಿ ಹೇಳಿತು, 28ಕ್ಕೆ ಸರ್ವರ್ ಆರಿಸಿತು. ಕೊಂಡವರಿಗೆ ಸಿಕ್ಕ ನೋಟಿಸ್ ಹತ್ತು ದಿನ. "ಆಮೇಲೆ ನೆನಪಿಸಿ" ಎಂಬ ಬಟನ್ ಆ ಪ್ರಕಟಣೆಯ ಕೆಳಗೆ ಇರಲಿಲ್ಲ.

ಜಿಮೇಲ್ ಒಂದು ಬದುಕಿದ್ದು ಪುಣ್ಯ. ಅದೂ 2004ರಿಂದ 2009ರವರೆಗೆ ಐದು ವರ್ಷ "ಬೀಟಾ" ಎಂಬ ಹಣೆಪಟ್ಟಿ ಕಟ್ಟಿಕೊಂಡೇ ಓಡಾಡಿತು, ಏನಾದರೂ ಹೆಚ್ಚುಕಡಿಮೆಯಾದರೆ ನಾವು ಮೊದಲೇ ಹೇಳಿದ್ದೆವಲ್ಲ ಅನ್ನಲು. ಕೊನೆಗೆ ಪಟ್ಟಿ ಬಿಚ್ಚಿದಾಗ, ಅದಿಲ್ಲದೆ ಬೇಜಾರಾಗುವವರಿಗಾಗಿ ಮತ್ತೆ ಅಂಟಿಸಿಕೊಳ್ಳುವ ಸೌಲಭ್ಯವನ್ನೂ ಕೊಟ್ಟರು. ನಾನು ಈ ಇಡೀ ಉದ್ಯಮದಲ್ಲಿ ಮನಸಾರೆ ಮೆಚ್ಚಿದ ಏಕೈಕ ಬಟನ್ ಅದು.

ಈಗಿನ ಸಂಭ್ರಮ ಎಐನದು. ಅದು ಬೇಕೇ ಎಂದು ಕೇಳಿದವರು ಯಾರೂ ಇಲ್ಲ, ಬರದ ಜಾಗವೂ ಇಲ್ಲ. 1985ರ ಮೊದಲ ವಿಂಡೋಸ್‌ನಿಂದಲೂ ಏನನ್ನೂ ಕೇಳದೆ, ಏನನ್ನೂ ಹೇಳದೆ, ಬರೆದದ್ದನ್ನು ಬರೆದಂತೆ ಇಟ್ಟುಕೊಂಡು ಬಂದ ನೋಟ್‌ಪ್ಯಾಡ್ ಒಂದಿತ್ತು. ಅದರೊಳಗೂ ಈಗ ನಿಮ್ಮ ವಾಕ್ಯವನ್ನು ತಿದ್ದಿ ಬರೆದುಕೊಡಲೇ ಎಂದು ಕೇಳುವ ಎಐ ಬಂದು ಕೂತಿದೆ. ಮೂರು ಫೋನ್ ನಂಬರ್, ಒಂದು ಪಾಸ್‌ವರ್ಡ್ ಇರುವ ನನ್ನ ಫೈಲನ್ನು ಹೃದಯಸ್ಪರ್ಶಿಯಾಗಿ ಮಾಡಲು ಅದು ಸದಾ ಸಿದ್ಧ. ಪರದೆಯಲ್ಲಿ ಜಾಗ ಸಾಲದೆ 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್‌ನವರು ಕೀಬೋರ್ಡಿಗೇ ಕೋಪೈಲಟ್ ಎಂಬ ತಮ್ಮ ಎಐ ಸಹಾಯಕನ ಕೀಲಿಯನ್ನು ಕೂರಿಸಿದರು. ಹೋಗಲಿ ಬಿಡಿ, ಕ್ಲಿಪ್ಪಿಯನ್ನು ಸಹಿಸಿದ ತಲೆಮಾರು ನಮ್ಮದು. ಆಫೀಸ್ 97ರಲ್ಲಿ ಕಣ್ಣರಳಿಸಿ ಬಂದ ಆ ಕಾಗದದ ಕ್ಲಿಪ್ಪು, "ಪತ್ರ ಬರೆಯುತ್ತಿರುವಂತಿದೆ, ಸಹಾಯ ಮಾಡಲೇ?" ಎಂದು ಎಷ್ಟು ಕಾಡಿತೆಂದರೆ, 2001ರಲ್ಲಿ ಕಂಪನಿಯೇ ಅದನ್ನು ಗೇಲಿಮಾಡುವ ಜಾಹೀರಾತು ತೆಗೆಯಿತು. ಕ್ಲಿಪ್ಪಿಗೆ ಕನಿಷ್ಠ ಮುಖ ಇತ್ತು, ಬೈಯಲು ಅನುಕೂಲವಾಗುತ್ತಿತ್ತು.

2024ರ ಮೇ ತಿಂಗಳಲ್ಲಿ ಅದೇ ಮೈಕ್ರೋಸಾಫ್ಟ್‌ನವರು ರೀಕಾಲ್ ಎಂಬುದನ್ನು ತೋರಿಸಿದರು. ನಿಮ್ಮ ಪರದೆಯ ಚಿತ್ರವನ್ನು ಕೆಲವು ಸೆಕೆಂಡಿಗೊಮ್ಮೆ ತೆಗೆದು ಇಟ್ಟುಕೊಂಡು, ನೀವು ಯಾವಾಗ ಏನು ನೋಡಿದಿರಿ ಎಂದು ಹುಡುಕಿಕೊಡುವ ಯಂತ್ರ. ಮರೆಯಬೇಕಾದ್ದನ್ನೇ ಹೆಚ್ಚು ನೋಡುವ ಮನುಷ್ಯಕುಲಕ್ಕೆ ಇದರ ತುರ್ತು ಅಗತ್ಯವಿದೆ ಎಂದು ಯಾರಿಗೆ ಹೊಳೆಯಿತೋ! ಭದ್ರತಾ ತಜ್ಞರು ಬೊಬ್ಬೆ ಹಾಕಿದ ಮೇಲೆ ಜೂನ್‌ನಲ್ಲಿ, ಬೇಕೆಂದವರು ಮಾತ್ರ ಆನ್ ಮಾಡಿಕೊಳ್ಳಲಿ ಎಂದು ಬದಲಿಸಿದರು. ಅಂದರೆ ಬಳಕೆದಾರನ ಅಭಿಪ್ರಾಯ ಕೇಳಿಸುವುದಿಲ್ಲ ಅನ್ನುವಂತಿಲ್ಲ. ಜಗತ್ತೇ ಎರಡು-ಮೂರು ವಾರ ಒಟ್ಟಾಗಿ ಅರಚಿದರೆ ಕೇಳಿಸುತ್ತದೆ.

ಒಂಟಿಯಾಗಿ ಹೇಳಿದರೆ ಏನಾಗುತ್ತದೆ ಎಂಬುದಕ್ಕೆ ನನ್ನದೇ ಸಾಕ್ಷಿ. ಒಂದು ಸೇವೆಯ ಖಾತೆ ಮುಚ್ಚಲು ಹೋದೆ. ಸೇರುವಾಗ ಹೆಸರು ಮಾತ್ರ ಕೇಳಿದ್ದ ಅದು, ಹೊರಡುವಾಗ ಕಾರಣ ಕೇಳಿತು. ಕೆಂಪು ನಕ್ಷತ್ರ ಬೇರೆ, ಉತ್ತರಿಸದೆ ಬಿಡುವಂತಿಲ್ಲ. ಕೊಟ್ಟ ಕಾರಣಗಳು: ನಾನು ತುಂಬಾ ಬ್ಯುಸಿ, ನನಗೆ ಬಳಸಲು ಬರುವುದಿಲ್ಲ, ಬೇರೆ ಖಾತೆ ತೆರೆಯುತ್ತಿದ್ದೇನೆ. ತಪ್ಪೆಲ್ಲ ನನ್ನದೇ. ಕೆಳಗೆ "ಇತರೆ" ಎಂಬ ಖಾಲಿ ಚೌಕ. "ಬೇಡ" ಎಂದು ಬರೆದೆ. ಕನಿಷ್ಠ ಇಪ್ಪತ್ತು ಅಕ್ಷರಗಳಿರಲಿ ಎಂದಿತು. ಬೇಡ ಬೇಡ ಬೇಡ ಎಂದು ಸಾಲುದ್ದಕ್ಕೂ ಬರೆದು ಕಳಿಸಿದೆ. ಕೂಡಲೇ ಉತ್ತರ ಬಂತು: "ನಿಮ್ಮ ಉತ್ಸಾಹಭರಿತ ಪ್ರತಿಕ್ರಿಯೆಗೆ ಧನ್ಯವಾದಗಳು! ನಿಮ್ಮಂಥವರು ನಮ್ಮನ್ನು ಬಿಟ್ಟು ಹೋಗಬಾರದೆಂದು ನಮ್ಮ ಎಐ ಸಹಾಯಕ ನಿಮ್ಮ ಕೋರಿಕೆಯನ್ನು ಸದ್ಯಕ್ಕೆ ತಡೆಹಿಡಿದಿದೆ."

ಕೆಳಗೆ ಒಂದೇ ಬಟನ್ ಇತ್ತು. ಅದರ ಮೇಲೆ "ಸರಿ" ಎಂದು ಬರೆದಿತ್ತು.