ಸಿನ್ಸಿಯರ್ಲಿ ಕೂರುವ ಜಾಗ

ಹೋದ ವಾರ ನಾನು ನಮ್ಮ ಬಾಸ್‌ಗೆ ಒಂದು ತಪ್ಪೊಪ್ಪಿಗೆ ಬರೆದು ಕಳಿಸಿದೆ. ಕೆಲಸವನ್ನು ಪ್ರಾಮಾಣಿಕವಾಗಿ ಮಾಡಲಿಲ್ಲ, ಕ್ಷಮಿಸಿ ಅಂತ. ಯಾರೂ ಕೇಳಿರಲಿಲ್ಲ. ಯಾರಿಗೂ ಅನುಮಾನವೂ ಇರಲಿಲ್ಲ.

ನಾನು ಹೇಳಲು ಹೊರಟಿದ್ದೇ ಬೇರೆ. ಒಂದು ರಿಪೋರ್ಟ್ ಮಾಡಿರಲಿಲ್ಲ. ಅದಕ್ಕೆ ಮನಸಾರೆ ಕ್ಷಮೆ ಕೇಳಬೇಕಿತ್ತು. ಹೀಗೆ ಟೈಪ್ ಮಾಡಿದೆ: ‘ಐ ಅಪಾಲಜೈಸ್ ಫಾರ್ ನಾಟ್ ಡೂಯಿಂಗ್ ದಿ ರಿಪೋರ್ಟ್ ಸಿನ್ಸಿಯರ್ಲಿ.’ ಈ ಸಿನ್ಸಿಯರ್ಲಿ ಅನ್ನೋದು ‘ಐ’ ಮತ್ತು ‘ಅಪಾಲಜೈಸ್’ ನಡುವೆ ಇರಬೇಕಿತ್ತು. ನಾನು ಕೊನೆಯಲ್ಲಿ ಕೂರಿಸಿದೆ. ಅದು ಅಲ್ಲಿ ಸುಮ್ನೆ ಕೂರದೆ ರಿಪೋರ್ಟಿನ ಜೊತೆ ಸೇರಿಕೊಂಡಿತು. ಕ್ಷಮೆಯಲ್ಲಿದ್ದ ಪ್ರಾಮಾಣಿಕತೆಯೂ ಹೋಯಿತು, ಕೆಲಸದಲ್ಲಿದ್ದದ್ದೂ ಹೋಯಿತು.

‘ಅದನ್ನ ಕೊನೆಗೆ ಯಾಕೆ ಹಾಕಿದ್ರಿ?’ ಅಂತ ಪಕ್ಕದ ಟೇಬಲ್ಲಿನ ಮೇಡಂ ಕೇಳಿದರು. ಅವರ ಇಂಗ್ಲಿಷ್ ಚೆನ್ನಾಗಿದೆ. ಅದಕ್ಕೇ ನನ್ನ ಮೇಲ್‌ಗಳನ್ನು ಕಳಿಸಿದ ಮೇಲೆ ಅವರಿಗೆ ತೋರಿಸುತ್ತೇನೆ. ಕಳಿಸುವ ಮೊದಲು ತೋರಿಸಬೇಕು ಅಂತ ಅವರು ಎಷ್ಟೋ ಸಲ ಹೇಳಿದ್ದಾರೆ.

ಯಾಕೆ ಕೊನೆಗೆ ಹಾಕಿದೆ ಅಂದರೆ, ಇಂಥ ಪದಗಳನ್ನು (ಆಡ್ವರ್ಬ್ ಅಂತಾರೆ, ನಮ್ಮ ಕ್ರಿಯಾವಿಶೇಷಣ) ನಡುವೆ ಹಾಕಿ ಒಂದು ಸಲ, ಮೊದಲಿಗೆ ಹಾಕಿ ಇನ್ನೊಂದು ಸಲ ಮರ್ಯಾದೆ ಕಳೆದುಕೊಂಡಿದ್ದೆ. ಉಳಿದಿದ್ದು ಅದೊಂದೇ ಜಾಗ.

ನಡುವೆ ಹಾಕಿದ್ದು ‘ಆಲ್ಮೋಸ್ಟ್’ ಅನ್ನೋ ಪದವನ್ನು. ಒಂದು ಸಂಜೆ ಯಾವುದೋ ಫೋಲ್ಡರ್ ಅಂದುಕೊಂಡು ಇನ್ಯಾವುದೋ ಫೋಲ್ಡರಿನ ಫೈಲ್‌ಗಳನ್ನು ಅಳಿಸಿಬಿಟ್ಟೆ. ಅಷ್ಟೂ ಅಲ್ಲ, ನಾಲ್ಕು ಉಳಿದಿದ್ದವು. ಹೆಚ್ಚುಕಮ್ಮಿ ಎಲ್ಲಾ ಹೋಯಿತು ಅಂತ ಬಾಸ್‌ಗೆ ಕೂಡಲೇ ತಿಳಿಸಿದೆ: ‘ಐ ಆಲ್ಮೋಸ್ಟ್ ಡಿಲೀಟೆಡ್ ಆಲ್ ದಿ ಫೈಲ್ಸ್.’ ಅಯ್ಯೋ ದೇವರೇ ಅನ್ನುವಂಥ ಉತ್ತರ ಬರುತ್ತೆ ಅಂತ ಕಾದೆ. ಬಂದಿದ್ದು ‘ಥ್ಯಾಂಕ್ ಗಾಡ್’ ಅಂತ! ಎಷ್ಟು ಒಳ್ಳೆ ಮನುಷ್ಯ ಅಂದುಕೊಂಡು ನೆಮ್ಮದಿಯಾಗಿ ಮಲಗಿದೆ. ಅವರೂ ನೆಮ್ಮದಿಯಾಗಿಯೇ ಮಲಗಿದ್ದರು. ಯಾಕೆಂದರೆ ನನ್ನ ವಾಕ್ಯದ ಅರ್ಥ, ‘ಎಲ್ಲಾ ಫೈಲ್ ಅಳಿಸಿಯೇ ಬಿಡುತ್ತಿದ್ದೆ, ಸ್ವಲ್ಪದರಲ್ಲಿ ತಪ್ಪಿತು’ ಅಂತ. ‘ಆಲ್ಮೋಸ್ಟ್’ ಕ್ರಿಯಾಪದದ ಮುಂದೆ ನಿಂತರೆ ಆ ಕೆಲಸ ಆಗಲೇ ಇಲ್ಲ ಅಂತ ಲೆಕ್ಕ. ಅದನ್ನು ಒಂದು ಹೆಜ್ಜೆ ಆಚೆ ಸರಿಸಿ ‘ಡಿಲೀಟೆಡ್ ಆಲ್ಮೋಸ್ಟ್ ಆಲ್’ ಅಂದಿದ್ದರೆ ಅವರು ರಾತ್ರಿಯೇ ಬೈದು ಮುಗಿಸುತ್ತಿದ್ದರು. ಬೆಳಿಗ್ಗೆ ಫೋಲ್ಡರ್ ತೆರೆದು ನೋಡಿ ಬೈದರು. ನಿದ್ದೆ ಮಾಡಿ ಎದ್ದವರ ಬೈಗುಳಕ್ಕೆ ಕಸುವು ಜಾಸ್ತಿ.

ಆಮೇಲೆ ನಡುವೆ ಹಾಕುವುದನ್ನೇ ಬಿಟ್ಟೆ. ಏನಿದ್ದರೂ ಮೊದಲೇ ಹಾಕಿ ಮುಗಿಸೋಣ ಅಂದುಕೊಂಡೆ.

ಅಷ್ಟರಲ್ಲಿ ಆಫೀಸಿನ ಹಿರಿಯರೊಬ್ಬರು ನಿವೃತ್ತರಾದರು. ಬೀಳ್ಕೊಡುಗೆಯ ಎರಡು ಮಾತು ನನ್ನ ಪಾಲಿಗೆ ಬಂತು. ಅವರು ಖುಷಿಯಿಂದ ಹೊರಟಿದ್ದಾರೆ, ಮನಸ್ಸಲ್ಲಿ ಏನೂ ಇಟ್ಟುಕೊಂಡಿಲ್ಲ ಅಂತ ಹೇಳಬೇಕಿತ್ತು. ‘ಹ್ಯಾಪಿಲಿ’ ಅಂದೆ. ಉಸಿರು ತೆಗೆದುಕೊಂಡೆ. ‘ಹಿ ಈಸ್ ಲೀವಿಂಗ್ ಅಸ್’ ಅಂದೆ. ಚೀಟಿಯಲ್ಲಿ ಕಾಮಾ ಇರಲಿಲ್ಲ. ನನ್ನ ಉಸಿರೇ ಕಾಮಾ ಹಾಕಿಕೊಟ್ಟಿತು. ಇಂಗ್ಲಿಷಿನಲ್ಲಿ ಈ ಪದ ಮೊದಲಿಗೆ ಬಂದು ಹಾಗೆ ನಿಂತರೆ ಅದು ಹೋಗುವವರ ಖುಷಿಯಲ್ಲ, ಹೇಳುವವರ ಖುಷಿ. ‘ನಮ್ಮ ಪುಣ್ಯ, ಇವರು ಹೊರಟರು’ ಅಂತ ಸಭೆಯ ಮುಂದೆ ಸಾರಿದ ಹಾಗಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಯಾವ ಅರ್ಥಕ್ಕೆ ಬಿತ್ತು ಅನ್ನೋದು ನನಗೆ ಇವತ್ತಿಗೂ ಗೊತ್ತಿಲ್ಲ. ಹಿರಿಯರು ಮಾತ್ರ ಹತ್ತಿರ ಬಂದು ಭುಜ ತಟ್ಟಿ, ‘ಇಷ್ಟು ವರ್ಷದಲ್ಲಿ ಮನಸ್ಸಿನ ಮಾತು ಹೇಳಿದವನು ನೀನೊಬ್ಬನೇ ಕಣಯ್ಯ’ ಅಂದರು.

ಕನ್ನಡದಲ್ಲಿ ಈ ಗೋಳು ಇಷ್ಟಿಲ್ಲ. ನಮ್ಮ ಕ್ರಿಯಾಪದ ಸಾಮಾನ್ಯವಾಗಿ ಕೊನೆಯಲ್ಲಿ ಬರುತ್ತದೆ. ಕರ್ತೃ ಮೊದಲು. ಉಳಿದವರೆಲ್ಲ ನಡುವೆ ಎಲ್ಲಿ ಬೇಕಾದರೂ ಒತ್ತಿಕೊಂಡು ಕೂತರೆ ಆಯಿತು. ‘ನಾನು ನಿಧಾನವಾಗಿ ಪತ್ರ ಓದಿದೆ’ ಅನ್ನಿ, ‘ನಾನು ಪತ್ರ ನಿಧಾನವಾಗಿ ಓದಿದೆ’ ಅನ್ನಿ, ಯಾರ ಮಾನವೂ ಹೋಗುವುದಿಲ್ಲ. ಯಾವುದಕ್ಕಾದರೂ ಒತ್ತು ಕೊಡಬೇಕಾದರೆ ಆ ಪದದ ಬಾಲಕ್ಕೆ ಒಂದು ‘ಏ’ ಅಂಟಿಸುತ್ತೇವೆ. ನಾನೇ ಹೇಳಿದೆ, ನಿನ್ನೆಯೇ ಹೇಳಿದೆ, ಅವನಿಗೇ ಹೇಳಿದೆ. ಅಂಟಿಸಿದ್ದು ಅಲ್ಲೇ ಇರುತ್ತದೆ, ಪಕ್ಕದವರ ಮೇಲೆ ವಾಲುವುದಿಲ್ಲ. ಈ ‘ಏ’ಯನ್ನೇ ನಾವು ಇಂಗ್ಲಿಷಿಗೂ ಹೊತ್ತುಕೊಂಡು ಹೋಗುತ್ತೇವೆ. ‘ಇಲ್ಲೇ ಇದ್ದೀನಿ’ ಅನ್ನೋದು ‘ಐ ಆಮ್ ಹಿಯರ್ ಓನ್ಲಿ’ ಆಗುವುದು ಹಾಗೆ.

ಇಂಗ್ಲಿಷಿನ ‘ಓನ್ಲಿ’ ನಮ್ಮ ‘ಏ’ಯಷ್ಟು ಸಾಧುವಲ್ಲ. ಮದುವೆಯ ವಾರ್ಷಿಕೋತ್ಸವಕ್ಕೆ ಹೆಂಡತಿಗೆ ಮೆಸೇಜ್ ಹಾಕಿದೆ: ‘ಐ ಓನ್ಲಿ ಲವ್ ಯು.’ ನಿನ್ನನ್ನೇ ಪ್ರೀತಿಸೋದು ಅಂತ ನನ್ನ ಭಾವನೆ. ಅವಳು ಅಡುಗೆಮನೆಯಿಂದಲೇ ಕೂಗಿದಳು. ‘ರೀ, ಪ್ರೀತಿ ಮಾತ್ರ ಮಾಡ್ತೀನಿ, ಬೇರೇನೂ ಮಾಡಲ್ಲ ಅಂತ ಬರೆದಿದ್ದೀರಲ್ಲ. ಸರಿಯಾಗೇ ಇದೆ ಬಿಡಿ.’ ‘ಓನ್ಲಿ’ಯನ್ನು ಸರಿಸಿ ‘ಲವ್ ಓನ್ಲಿ ಯು’ ಅಂದಿದ್ದರೆ ಆವತ್ತು ಪಾತ್ರೆ ತೊಳೆಯುವುದು ತಪ್ಪುತ್ತಿತ್ತು.

ಇದನ್ನೆಲ್ಲ ಕೇಳಿ ಮೇಡಂಗೆ ಪಾಪ ಅನ್ನಿಸಿತು. ಒಂದು ಹಾಳೆ ತೆಗೆದುಕೊಂಡು ಪಾಠ ಶುರು ಮಾಡಿದರು. ಆಲ್ವೇಸ್, ಆಫನ್, ನೆವರ್ ಇಂಥವು ಮಾಮೂಲಿ ಕ್ರಿಯಾಪದಕ್ಕೆ ಮೊದಲು ಬರಬೇಕು: ಶಿ ಆಲ್ವೇಸ್ ಕಮ್ಸ್ ಲೇಟ್. ಆದರೆ ‘ಈಸ್’, ‘ಆರ್’ ಇದ್ದರೆ ಅದರ ಆಮೇಲೆ: ಶಿ ಈಸ್ ಆಲ್ವೇಸ್ ಲೇಟ್. ಸಹಾಯಕ ಕ್ರಿಯಾಪದ ಇದ್ದರೆ ಮೊದಲನೆಯದರ ಆಮೇಲೆ: ಶಿ ಹ್ಯಾಸ್ ಆಲ್ವೇಸ್ ಕಮ್ ಲೇಟ್. (ಉದಾಹರಣೆಯಲ್ಲಿ ಯಾರು ಅಂತ ನಾನು ಕೇಳಲಿಲ್ಲ. ಅವರು ಬಾಗಿಲ ಕಡೆ ಒಮ್ಮೆ ನೋಡಿದರು.) ಕ್ರಿಯಾಪದ ಮತ್ತು ಅದರ ಕರ್ಮದ ನಡುವೆ ಮಾತ್ರ ನುಗ್ಗಿಸಬೇಡಿ ಅಂದರು. ‘ಐ ಲೈಕ್ ವೆರಿ ಮಚ್ ಯುವರ್ ಹ್ಯಾಂಡ್‌ರೈಟಿಂಗ್’ ಅನ್ನಬಾರದಂತೆ. ನಾನು ಆಗ ತಾನೇ ಅದನ್ನು ಹೇಳಿ ಬಾಯಿ ಮುಚ್ಚಿದ್ದೆ.

ಇಷ್ಟಾದರೆ ಸರಿ ಅಲ್ವಾ? ಇಲ್ಲ. ‘ನಾಟ್’ ಬಂದರೆ ಲೆಕ್ಕ ಮತ್ತೆ ಬದಲು. ಅದು ಯಾರ ಹಿಂದೆ ನಿಂತಿದೆ, ಯಾರ ಮುಂದೆ ನಿಂತಿದೆ ಅನ್ನೋದು ಮುಖ್ಯ. ‘ಐ ರಿಯಲಿ ಡೋಂಟ್ ಲೈಕ್ ಇಟ್’ ಅಂದರೆ ಖಂಡಿತ ಇಷ್ಟವಿಲ್ಲ. ‘ಐ ಡೋಂಟ್ ರಿಯಲಿ ಲೈಕ್ ಇಟ್’ ಅಂದರೆ ಅಷ್ಟೇನೂ ಇಷ್ಟವಿಲ್ಲ. ಪದಗಳು ಅವೇ. ಎರಡು ಪದ ಜಾಗ ಬದಲಾಯಿಸಿಕೊಂಡಿದ್ದಕ್ಕೆ ಕೋಪದ ಅರ್ಧ ಇಳಿದುಹೋಯಿತು.

ನನ್ನ ಮುಖ ನೋಡಿ ಮೇಡಂ ಒಬಾಮಾ ಕತೆ ಹೇಳಿದರು. ಅಮೆರಿಕದ ಅಧ್ಯಕ್ಷರ ಪ್ರಮಾಣವಚನ ಅಲ್ಲಿನ ಸಂವಿಧಾನದಲ್ಲೇ ಬರೆದಿಟ್ಟಿದ್ದು. ಒಟ್ಟು 35 ಪದ. ಅದರಲ್ಲಿ ‘ಐ ವಿಲ್ ಫೇತ್‌ಫುಲಿ ಎಕ್ಸಿಕ್ಯೂಟ್’ ಅಂತ ಬರುತ್ತದೆ. ‘ವಿಲ್’ಗೂ ‘ಎಕ್ಸಿಕ್ಯೂಟ್’ಗೂ ನಡುವೆ ‘ಫೇತ್‌ಫುಲಿ’ ಅಚ್ಚುಕಟ್ಟಾಗಿ ಕೂತಿದೆ. 2009ರ ಜನವರಿ 20ರಂದು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಅದನ್ನು ಚೀಟಿ ನೋಡದೆ ಹೇಳಿಕೊಡಲು ಹೋದರು. ‘ಫೇತ್‌ಫುಲಿ’ ಅವರ ಕೈ ತಪ್ಪಿ ವಾಕ್ಯದ ಕೊನೆಗೆ ಹೋಯಿತು. ಸರಿಯಾದ ಪಾಠ ಗೊತ್ತಿದ್ದ ಒಬಾಮಾ ನಡುವೆ ನಿಂತುಬಿಟ್ಟರು. ಕೊನೆಗೆ ಅವರೂ ಅದನ್ನು ಕೊನೆಗೇ ಹೇಳಿ ಮುಗಿಸಿದರು. ಅರ್ಥವೇನೂ ಕೆಟ್ಟಿರಲಿಲ್ಲ. ಆದರೂ ನಾಳೆ ಯಾರಾದರೂ ತಕರಾರು ತೆಗೆದರೆ ಕಷ್ಟ ಅಂತ ಮಾರನೆಯ ದಿನ ಶ್ವೇತಭವನದ ಮ್ಯಾಪ್ ರೂಮ್‌ನಲ್ಲಿ ಅದೇ ಇಬ್ಬರು ನಿಂತು ಇನ್ನೊಮ್ಮೆ ಪ್ರಮಾಣವಚನ ಮಾಡಿದರು. ಒಂದು ಆಡ್ವರ್ಬ್‌ಗೆ ಇಷ್ಟು ಮರ್ಯಾದೆ!

ನನಗೆ ಜೀವ ಬಂತು. ಅವರಿಗೆ ಎರಡನೇ ಅವಕಾಶ ಉಂಟು ಅಂದಮೇಲೆ ನನಗೂ ಇರಲಿ ಅಂತ ಬಾಸ್‌ಗೆ ಹೊಸ ಮೇಲ್ ಬರೆದೆ. ಈ ಸಲ ಕಳಿಸುವ ಮೊದಲೇ ಮೇಡಂಗೆ ತೋರಿಸಿದೆ. ‘ಐ’ ಆದಮೇಲೆ ‘ಸಿನ್ಸಿಯರ್ಲಿ’, ಅದಾದಮೇಲೆ ‘ಅಪಾಲಜೈಸ್’. ಹಿಂದಿನ ಮೇಲ್‌ನಲ್ಲಿ ಕೇಳಿದ ಕ್ಷಮೆಗೂ ಸೇರಿಸಿ ಕ್ಷಮೆ ಕೇಳಿದೆ. ಮೇಡಂ ಎರಡು ಸಲ ಓದಿ, ಕಳಿಸಿ ಅಂದರು.

ಹತ್ತು ನಿಮಿಷಕ್ಕೆ ಬಾಸ್ ಉತ್ತರ ಬಂತು. ಒಂದೇ ಸಾಲು: ‘ಐ ಡೋಂಟ್ ರಿಯಲಿ ಮೈಂಡ್.’

‘ರಿಯಲಿ ಡೋಂಟ್’ ಅಲ್ಲ. ‘ಡೋಂಟ್ ರಿಯಲಿ.’ ಮೇಡಂ ಕಡೆ ತಿರುಗಿ ನೋಡಿದೆ. ಅವರು ಆಗಲೇ ಮನೆಗೆ ಹೊರಟಿದ್ದರು.